ಉಮ್ಮತ್ತಿಯ ವಿಷ ವಾಂತಿಗೆ ಮದ್ದಾದ ಕಥೆ

ಹಾಳು ಬಯಲಲ್ಲಿ, ತಿಪ್ಪೆ ಪಕ್ಕ ಬೆಳೆಯುವ ಉಮ್ಮತ್ತಿ ಗಿಡ ನಿಮಗೆಲ್ಲ ಗೊತ್ತು. ಅದರ ಹೂವು ಶಿವನ ಪೂಜೆಗೆ ಬೇಕು, ಬೀಜ ಮಾತ್ರ ವಿಷ. ಆ ವಿಷದಲ್ಲಿರುವ ಹಯೋಸಿನ್ ಎಂಬ ಅಂಶವೇ ಪ್ರಯಾಣದ ವಾಂತಿ ತಡೆಯುವ ಔಷಧಿಯೂ ಹೌದು. ಸ್ಕೋಪೊಲಮಿನ್ ಎಂಬುದು ಇದರ ಇನ್ನೊಂದು ಹೆಸರು.

1880ರ ಸುಮಾರಿಗೆ ಜರ್ಮನಿಯ ರಸಾಯನ ವಿಜ್ಞಾನಿ ಆಲ್ಬರ್ಟ್ ಲಾಡೆನ್‌ಬರ್ಗ್, ಉಮ್ಮತ್ತಿಯ ಕುಟುಂಬಕ್ಕೇ ಸೇರಿದ ಹೆನ್‌ಬೇನ್ ಗಿಡದಿಂದ ಇದನ್ನು ಬೇರ್ಪಡಿಸಿದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅದೇ ದೇಶದ ಫ್ರೈಬರ್ಗ್‌ನಲ್ಲಿ ವೈದ್ಯರು ಇದನ್ನು ಮಾರ್ಫಿನ್ ಜೊತೆ ಸೇರಿಸಿ ಹೆರಿಗೆ ವೇಳೆ ಕೊಟ್ಟರು. ತಾಯಂದಿರಿಗೆ ನೋವಿನ ನೆನಪೇ ಉಳಿಯುತ್ತಿರಲಿಲ್ಲ. ಆದರೆ ಕೆಲವರು ಭ್ರಮೆಯಲ್ಲಿ ಹೊರಳಾಡಿದರು, ಕೆಲವು ಕೂಸುಗಳಿಗೆ ಉಸಿರಾಟ ಕಷ್ಟವಾಯಿತು. ಕ್ರಮೇಣ ಆ ಪದ್ಧತಿ ನಿಂತಿತು.

ಔಷಧಿಗೆ ಸರಿಯಾದ ಕೆಲಸ ಸಿಕ್ಕಿದ್ದು ಎರಡನೇ ಮಹಾಯುದ್ಧದಲ್ಲಿ. ಹಡಗು, ದೋಣಿಗಳಲ್ಲಿ ವಾಂತಿಯಿಂದ ಸುಸ್ತಾದ ಸೈನಿಕ ದಡ ಮುಟ್ಟಿದರೂ ಹೋರಾಡಲಾರ. ಯುರೋಪಿನಿಂದ ಪೂರೈಕೆ ನಿಂತಾಗ ಆಸ್ಟ್ರೇಲಿಯಾದವರು ತಮ್ಮ ಡುಬೊಯ್ಸಿಯಾ ಮರದ ಎಲೆಯಿಂದ ಹಯೋಸಿನ್ ತೆಗೆದರು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಹೊರಟ ಸೈನಿಕರಿಗೂ ಹಯೋಸಿನ್ ಇದ್ದ ಮಾತ್ರೆ ಕೊಡಲಾಗಿತ್ತು. ಕ್ವೀನ್ಸ್‌ಲ್ಯಾಂಡಿನ ರೈತರು ಈಗಲೂ ಆ ಮರ ಬೆಳೆಯುತ್ತಾರೆ.

ಇದು ಕೆಲಸ ಮಾಡುವುದು ಹೇಗೆ? ವಾಹನ ಓಲಾಡುವಾಗ ಕಣ್ಣು ಒಂದು ಹೇಳುತ್ತದೆ, ಒಳಕಿವಿ ಇನ್ನೊಂದು ಹೇಳುತ್ತದೆ. ಮಿದುಳು ಗೊಂದಲಕ್ಕೆ ಬಿದ್ದು ವಾಂತಿಯಾಗುತ್ತದೆ. ಆ ಸುದ್ದಿ ಸಾಗಿಸುವ ಅಸಿಟೈಲ್‌ಕೋಲಿನ್‌ಗೆ ಹಯೋಸಿನ್ ಅಡ್ಡಗಟ್ಟುತ್ತದೆ. ವಾಂತಿ ಶುರುವಾದ ಮೇಲಲ್ಲ, ಹೊರಡುವ ಮೊದಲೇ ತೆಗೆದುಕೊಂಡರೆ ಫಲ.

1979ರಲ್ಲಿ ಅಮೆರಿಕದಲ್ಲಿ ಕಿವಿ ಹಿಂದೆ ಅಂಟಿಸುವ ಪ್ಯಾಚ್‌ಗೆ ಒಪ್ಪಿಗೆ ಸಿಕ್ಕಿತು. ಅದು 3 ದಿನಗಳಲ್ಲಿ ದೇಹಕ್ಕೆ ಬಿಡುವುದು ಸುಮಾರು 1 ಮಿಲಿಗ್ರಾಂ ಮಾತ್ರ. ಅಷ್ಟಕ್ಕೇ ಬಾಯಿ ಒಣಗುತ್ತದೆ, ಕಣ್ಣು ಮಂಜಾಗುತ್ತದೆ, ನಿದ್ದೆ ಎಳೆಯುತ್ತದೆ. ಪ್ಯಾಚ್ ಮುಟ್ಟಿದ ಕೈಯಿಂದ ಕಣ್ಣುಜ್ಜಿದರೆ ಪಾಪೆ ಹಿಗ್ಗುತ್ತದೆ. ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ, ಮೂತ್ರ ಕಟ್ಟುವ ತೊಂದರೆ ಇದ್ದವರಿಗೆ ಅಪಾಯ. ವಯಸ್ಸಾದವರಿಗೆ ಮಂಕು ಕವಿಯಬಹುದು. ಬೆವರು ಕಡಿಮೆಯಾಗಿ ಮೈ ಕಾವು ಏರಬಹುದೆಂದು ಅಮೆರಿಕದ ಎಫ್‌ಡಿಎ 2025ರ ಜೂನ್‌ನಲ್ಲಿ ಎಚ್ಚರಿಸಿತು. ಹೆಚ್ಚಿನ ಪ್ರಕರಣ ಕಂಡದ್ದು ಮಕ್ಕಳಲ್ಲಿ ಮತ್ತು 60 ದಾಟಿದವರಲ್ಲಿ.

ಅಳೆದು ಕೊಟ್ಟ 1 ಮಿಲಿಗ್ರಾಂಗೇ ಇಷ್ಟು ಎಚ್ಚರ ಬೇಕು. ಉಮ್ಮತ್ತಿ ಬೀಜದಲ್ಲಾದರೋ ಅಳತೆಯೇ ಇಲ್ಲ, ಗಿಡದಿಂದ ಗಿಡಕ್ಕೆ ವಿಷದ ಪ್ರಮಾಣ ಬೇರೆ. ಆದ್ದರಿಂದ ಯಾರು ಹೇಳಿದರೂ ಅದನ್ನು ಮನೆಮದ್ದು ಮಾಡಬೇಡಿ. ಮಗು ತಪ್ಪಿ ತಿಂದಿದ್ದರೆ ಕಾಯದೆ ಆಸ್ಪತ್ರೆಗೆ ಓಡಿ, ಉಳಿದ ಕಾಯಿಯನ್ನೂ ಜೊತೆಗೆ ಒಯ್ಯಿರಿ.