ಅಟ್ಟದ ಕಾಯಿ, ಪೇಟೆಯ ದರ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಉಂಡೆ ಕೊಬ್ಬರಿ ಅರ್ಧ ಮರದಲ್ಲಿ, ಅರ್ಧ ಅಟ್ಟದಲ್ಲಿ ಆಗುವ ಬೆಳೆ. ಹನ್ನೊಂದು ಹನ್ನೆರಡು ತಿಂಗಳು ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸುತ್ತಾರೆ. ಗಾಳಿಯಾಡಲೆಂದು ಅಟ್ಟದ ದಬ್ಬೆಗಳ ನಡುವೆ ಸಂದು ಬಿಟ್ಟಿರುತ್ತದೆ. ಎಂಟು ಹತ್ತು ತಿಂಗಳಲ್ಲಿ, ಕೆಲವೊಮ್ಮೆ ವರ್ಷಕ್ಕೆ, ಒಳಗಿನ ನೀರು ತಾನಾಗಿ ಇಂಗಿ ತಿರುಳು ಚಿಪ್ಪು ಬಿಡುತ್ತದೆ. ಕಾಯಿ ಅಲ್ಲಾಡಿಸಿದರೆ ಲೊಟಲೊಟ ಸದ್ದು ಬರುತ್ತದೆ. ಆಮೇಲೆ ಸುಲಿದು, ಚಿಪ್ಪನ್ನಷ್ಟೇ ಒಡೆದು ಉಂಡೆಯನ್ನು ಇಡಿಯಾಗಿ ತೆಗೆಯಬೇಕು. ಉಂಡೆಗೇ ಪೆಟ್ಟು ಬಿದ್ದರೆ ಬೆಲೆ ಹೋಯಿತು. ಇದು ಎಣ್ಣೆಗೆ ಹೋಗುವ ಮಾಲಲ್ಲ. ಉತ್ತರ ಭಾರತದವರು ಒಣಹಣ್ಣುಗಳ ಜೊತೆ ತಿನ್ನುವ, ಮದುವೆ ಹಬ್ಬಗಳಿಗೆ ಕೊಳ್ಳುವ ಮಾಲು.

ತಿಪಟೂರು ಮೊದಲು ದೊಡ್ಡ ಪೇಟೆಯೇನಾಗಿರಲಿಲ್ಲ. ತಾಲ್ಲೂಕಿನ ಕಸಬೆ ಹೊನ್ನವಳ್ಳಿಯಾಗಿತ್ತು. ಅಲ್ಲಿಯ ಗಂಗಾಪಾಣಿ ಎಂಬ ತೆಂಗಿಗೆ ಹೆಸರಿತ್ತು. 1880ರ ದಶಕದಲ್ಲಿ ಬೆಂಗಳೂರು–ಹರಿಹರ ರೈಲುದಾರಿ ತಿಪಟೂರಿನ ಮೇಲೆ ಹಾದುಹೋಯಿತು, ತಾಲ್ಲೂಕು ಕಚೇರಿಯೂ ಅಲ್ಲಿಗೆ ಬಂತು. ಹೊನ್ನವಳ್ಳಿ ಹೋಬಳಿಯಾಗಿ ಉಳಿಯಿತು. ದೂರದ ಊರುಗಳಿಗೆ ಕೊಬ್ಬರಿ ಮೂಟೆ ಕಳಿಸುವುದು ಸುಲಭವಾದ ಮೇಲೆ ಮಂಡಿಗಳು ಬೆಳೆದವು, ತಿಪಟೂರಿನ ಹರಾಜಿನ ದರವೇ ಸುತ್ತಲಿನ ತಾಲ್ಲೂಕುಗಳಿಗೂ ದರವಾಯಿತು. ಹಳೆಯ ಕೂಗಿನ ಜಾಗಕ್ಕೆ ಈಗ ಆನ್‌ಲೈನ್ ಟೆಂಡರ್ ಬಂದಿದೆ.

ಈ ವ್ಯವಸ್ಥೆಯಲ್ಲಿ ರೈತನ ಕೈಯಲ್ಲಿದ್ದ ಬಲವೆಂದರೆ ಕಾಯುವುದು. ದರ ಬಿದ್ದರೆ ಕಾಯಿ ಅಟ್ಟದಲ್ಲೇ ಇರಲಿ, ಮದುವೆಯೋ ಮಕ್ಕಳ ಫೀಜೋ ಬಂದಾಗ ಇಳಿಸಿದರಾಯಿತು. ಆ ಲೆಕ್ಕ ಮೊದಲು ಬಲವಾಗಿ ತಪ್ಪಿದ್ದು ನುಸಿ ಪೀಡೆಯಲ್ಲಿ. 1998ರಲ್ಲಿ ಕೇರಳದಲ್ಲಿ ಕಂಡ ನುಸಿ ಬೇಗನೆ ಇತ್ತ ಹಬ್ಬಿತು. ಕಾಯಿ ಸಣ್ಣದಾಯಿತು, ಸಿಪ್ಪೆ ಬಿಗಿದು ಸುಲಿಯುವವರ ಕೂಲಿಯೂ ಹೆಚ್ಚಿತು. ಬೇವಿನ ಔಷಧವನ್ನು ಬೇರಿಗೆ ಉಣಿಸಿ ನೋಡಿದರು; ಎತ್ತರದ ಮರಗಳ ತೋಟವಿಡೀ ಹಾಗೆ ಉಪಚರಿಸುವುದು ಹೇಳುವಷ್ಟು ಸಲೀಸಲ್ಲ. ಮುಂದೆ ಬರಗಾಲಕ್ಕೆ ಸುಳಿ ಒಣಗಿದ ಮರಗಳೂ ಎಷ್ಟೋ.

2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಪೇಟೆ ದರ 8,000ದ ಆಸುಪಾಸಿಗೆ ಕುಸಿಯಿತು. ರೈತರು ಧರಣಿ ಕೂತರು. ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿಗೆ ನೂಕುನುಗ್ಗಲಾಯಿತು. 2024ರಲ್ಲಿ 12,000 ರೂಪಾಯಿ ಬೆಂಬಲ ಬೆಲೆಯ ಮೇಲೆ ರಾಜ್ಯ ಸರ್ಕಾರ 1,500 ರೂಪಾಯಿ ಸೇರಿಸಿತು. ಅಷ್ಟರಲ್ಲಿ ಅನೇಕರು ವರ್ಷ ಕಾಯುವ ಬದಲು ಎಳನೀರು ಕೀಳಿಸುವ ದಾರಿ ಹಿಡಿದಿದ್ದರು: ತೋಟಕ್ಕೇ ಬರುವ ವ್ಯಾಪಾರಿ, ಕೈಗೆ ನಗದು, ಸುಲಿಯುವ ಒಡೆಯುವ ಗೋಜಿಲ್ಲ. ಇನ್ನು ಕೆಲವರು ತೆಂಗಿನ ಸಾಲುಗಳ ನಡುವೆ ಅಡಿಕೆ ಇಟ್ಟರು, ಅದರ ನೀರಿಗಾಗಿ ಕೊಳವೆಬಾವಿ ಕೊರೆಸಿದರು.

ಇಳುವರಿ ತಗ್ಗಿ, ಕಾಯಿ ಎಳನೀರಿನಲ್ಲೇ ಮರ ಇಳಿಯತೊಡಗಿದ್ದರಿಂದ ಕೊಬ್ಬರಿಗೆ ಅಭಾವ ಬಂತು. 2025ರಲ್ಲಿ ದರ 25,000 ರೂಪಾಯಿ ದಾಟಿತು. ಲಾಭ ಸಿಕ್ಕಿದ್ದು ಅಟ್ಟದಲ್ಲಿ ಕಾಯಿ ಉಳಿಸಿಕೊಂಡವರಿಗೆ. ಎಳನೀರಿಗೆ ಕೊಟ್ಟಿದ್ದವರು ಮತ್ತೆ ಕಾಯಿ ಬಲಿಯಲು ಬಿಟ್ಟರೂ ಅದು ಕೊಬ್ಬರಿಯಾಗಿ ಪೇಟೆಗೆ ಬರಲು ವರ್ಷಕ್ಕೂ ಹೆಚ್ಚು ಕಾಲ ಬೇಕು.