ಸೂಜಿಗೆ ದಾರ ಪೋಣಿಸಿದ ಪುಟ್ಟ ಕೈ: ಸಂಡೂರಿನ ಲಂಬಾಣಿ ಕಸೂತಿ ಮತ್ತು ಬೆಲೆ ಇಲ್ಲದ ಉಡುಗೊರೆ

(ಇದು ನಮ್ಮ ಇತಿಹಾಸ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡ್ರಾ? ಶುರು ಮಾಡೋಣ.

ನೀವು ಕೊನೇ ಸಲ ಯಾರಿಗಾದ್ರೂ ಉಡುಗೊರೆ ಕೊಟ್ಟಿದ್ದು ಯಾವಾಗ? ಹೆಚ್ಚಿನವರ ಉತ್ತರ ಒಂದೇ ಥರ ಇರುತ್ತೆ. ಫೋನ್ ತೆಗೆದ್ವಿ, ಹುಡುಕಿದ್ವಿ, ಆರ್ಡರ್ ಮಾಡಿದ್ವಿ, ಎರಡು ದಿನಕ್ಕೆ ಬಂತು. ತಪ್ಪೇನಿಲ್ಲ. ಆದರೆ ಹೊಸಪೇಟೆಯಿಂದ ಸುಮಾರು 30 ಕಿಲೋಮೀಟರ್ ದೂರದ ಸಂಡೂರು ಕಡೆಯ ತಾಂಡಾಗಳಲ್ಲಿ ಒಂದು ಉಡುಗೊರೆ ತಯಾರಾಗೋಕೆ ವರ್ಷಗಟ್ಟಲೆ ಹಿಡೀತಿತ್ತು. ಅದರಲ್ಲಿ ಅಮ್ಮನ ಕೈ ಇರ್ತಿತ್ತು, ಅಜ್ಜಿಯ ಕೈ ಇರ್ತಿತ್ತು, ಜೊತೆಗೆ ಪುಟ್ಟ ಹುಡುಗಿಯೊಬ್ಬಳ ಕೈಯೂ ಇರ್ತಿತ್ತು. ಇವತ್ತು ಆ ಪುಟ್ಟ ಕೈಯ ಇತಿಹಾಸ.

ಮೊದಲು ಹಂಪಿಗೆ ಹೋಗೋಣ, ಯಾಕಂದ್ರೆ ಈ ಭಾಗದಲ್ಲಿ ಉಡುಗೊರೆಯ ಬಗ್ಗೆ ಬರೆದಿಟ್ಟ ಹಳೆಯ ಸಾಕ್ಷ್ಯ ಅಲ್ಲೇ ಸಿಗೋದು. ಮಹಾನವಮಿ ದಿಬ್ಬದ ಮೇಲೆ ಹತ್ತಿ ನಿಂತು ಸೆಲ್ಫಿ ತಗೊಂಡಿರ್ತೀರಿ. ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ವಿಜಯನಗರದ ಮಹಾನವಮಿಯನ್ನ ಕಣ್ಣಾರೆ ನೋಡಿದ. ಆತ ಬರೆದಿದ್ದನ್ನ ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ಅದರಲ್ಲಿ ಸಿಂಗರಿಸಿದ ಕುದುರೆ ಇದೆ, ಆನೆ ಇದೆ, ಹೊರಲಾರದಷ್ಟು ಒಡವೆ ಹೊತ್ತ ಹೆಂಗಸರಿದ್ದಾರೆ, ಬಣ್ಣಬಣ್ಣದ ಬಟ್ಟೆ ಇದೆ. ಅವನ ನಂತರ ಬಂದ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದರಲ್ಲಿ ನಾಯಕರು ಅರಸನಿಗೆ ಒಪ್ಪಿಸಬೇಕಾದ ಹಣದ ಲೆಕ್ಕ ಇದೆ. ಅಂದ್ರೆ ಅರಮನೆಯ ಉಡುಗೊರೆಗೆ ಯಾವಾಗಲೂ ಒಂದು ಲೆಕ್ಕ ಇರ್ತಿತ್ತು. ನಾನು ಕೊಟ್ಟೆ, ನೀನೂ ಕೊಡಬೇಕು. ಫ್ರಾನ್ಸಿನ ಮಾರ್ಸೆಲ್ ಮಾಸ್ ಅನ್ನೋ ವಿದ್ವಾಂಸ 1925ರಲ್ಲಿ ಉಡುಗೊರೆಯ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದ ತಿರುಳೂ ಹತ್ತಿರ ಹತ್ತಿರ ಇದೇ: ಉಡುಗೊರೆ ಬರೀ ವಸ್ತು ಅಲ್ಲ, ಅದು ಒಂದು ಸಂಬಂಧವನ್ನ ಕಟ್ಟಿಹಾಕುತ್ತೆ.

ಅದೇ ದಸರಾದಲ್ಲಿ ಇನ್ನೊಂದು ಉಡುಗೊರೆ ಇದೆ, ನಮ್ಮ ಕಡೆ ಎಲ್ಲರಿಗೂ ಗೊತ್ತಿರೋದು. ಬನ್ನಿ ಎಲೆ. ವಿಜಯದಶಮಿ ಸಂಜೆ ಹೊಸಪೇಟೆ, ಕಂಪ್ಲಿ, ಎಲ್ಲೇ ನೋಡಿ, ಮಕ್ಕಳು ಮುಷ್ಟಿ ತುಂಬ ಬನ್ನಿ ಹಿಡ್ಕೊಂಡು ಮನೆಮನೆ ತಿರುಗ್ತಾರೆ. ದೊಡ್ಡವರ ಕೈಗೆ ಎಲೆ ಕೊಟ್ಟು ಕಾಲು ಮುಟ್ತಾರೆ. ಖರ್ಚು ಸೊನ್ನೆ, ಆದರೂ ಅದನ್ನ ಬಂಗಾರ ಅಂತಲೇ ಕರೀತೀವಿ. ವಿದೇಶಿ ಪ್ರವಾಸಿಗರು ಚಿನ್ನದ ಲೆಕ್ಕ ಬರೆದರು. ಮಕ್ಕಳ ಮುಷ್ಟಿಯಲ್ಲಿದ್ದ ಬಂಗಾರದ ಲೆಕ್ಕ ಬರೆಯೋಕೆ ಯಾರಿದ್ದರು ಹೇಳಿ. ಮನೆಯೊಳಗಿನ ಉಡುಗೊರೆಗಳ ಕಥೆ ಹೀಗೇ ಕಾಗದದ ಮೇಲೆ ಬರೋದೇ ಇಲ್ಲ. ಅದನ್ನ ಹುಡುಕಬೇಕಾದ್ದು ಬಟ್ಟೆಯ ಮೇಲೆ.

ಈಗ ಸಂಡೂರಿನ ದಾರಿ ಹಿಡಿಯೋಣ. ಅಂದ ಹಾಗೆ, 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆ ಅದರ ಕೇಂದ್ರವಾಯ್ತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಜಿಲ್ಲೆಯ ಗಡಿ ಬೇರೆ ಆದರೂ ಸಂತೆ, ಬಸ್ಸು, ನೆಂಟಸ್ತಿಕೆ ಎಲ್ಲ ಒಂದೇ.

ಲಂಬಾಣಿಗರು, ಬಂಜಾರರು ಅಂತಲೂ ಕರೀತೀವಿ, ರೈಲು ಬರೋ ಮುಂಚೆ ದಖ್ಖನ್ನಿನ ಲಾರಿ ಸರ್ವೀಸ್ ಇದ್ದ ಹಾಗೆ ಇದ್ದರು. ಎತ್ತುಗಳ ಬೆನ್ನ ಮೇಲೆ ಉಪ್ಪು, ದವಸ ಹೇರಿಕೊಂಡು ನೂರಾರು ಮೈಲಿ ನಡೆಯೋರು. ಮೊಘಲರ ಸೈನ್ಯಕ್ಕೆ ಅಕ್ಕಿ ಬೇಳೆ ಮುಟ್ಟಿಸಿದ್ದು ಇವರೇ. ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣಕ್ಕೆ ಹೊರಟ ಬ್ರಿಟಿಷರ ಸೈನ್ಯಕ್ಕೂ ಇವರ ದವಸವೇ ಬೇಕಾಯ್ತು. ಆಮೇಲೆ ರಸ್ತೆ ಬಂತು, ಗಾಡಿ ಬಂತು, 1880ರ ದಶಕದಲ್ಲಿ ಬಳ್ಳಾರಿ, ಹೊಸಪೇಟೆ ಮೇಲೆ ಹುಬ್ಬಳ್ಳಿ ಕಡೆಗೆ ರೈಲು ಹಳಿ ಬಿತ್ತು. ಎತ್ತಿನ ಬೆನ್ನಿಗೆ ಕೆಲಸ ಇಲ್ಲದಂತಾಯ್ತು. ಅದು ಸಾಲದು ಅಂತ 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಡಿ ಹಲವು ಕಡೆ ಇವರನ್ನ ಹುಟ್ಟಿನಿಂದಲೇ ಕಳ್ಳರು ಅಂತ ಪಟ್ಟಿಗೆ ಸೇರಿಸಿದರು. ಆ ಕಾಯ್ದೆ ಪೂರ್ತಿ ಹೋಗಿದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ.

ಸದಾ ನಡೆಯೋ ಜನ ಏನನ್ನ ಕೂಡಿಡೋಕೆ ಸಾಧ್ಯ? ಗೋಡೆ ಇಲ್ಲ, ಬೀರು ಇಲ್ಲ. ಹೊತ್ತುಕೊಂಡು ಹೋಗಬಹುದಾದ್ದು ಬಟ್ಟೆ. ಹಾಗಾಗಿ ಇವರ ಕಲೆಯೆಲ್ಲ ದಿನಬಳಕೆಯ ಬಟ್ಟೆ ಮೇಲೇ ಕೂತಿತು. ದವಸದ ಚೀಲ, ಎಲೆಅಡಿಕೆ ಸಂಚಿ, ನೀರಿನ ಕೊಡದ ಕೆಳಗಿನ ಸಿಂಬಿ, ಎತ್ತಿನ ಕೊಂಬಿಗೆ ಹಾಕೋ ಕವಚ, ಹೆಣ್ಣುಮಕ್ಕಳ ಫೇಟಿಯಾ, ಕಾಂಚಳಿ. ಅದರ ಮೇಲೆ ಕನ್ನಡಿ ಚೂರು, ಕವಡೆ, ಹಳೇ ನಾಣ್ಯ. ಧಾರವಾಡದ ಕಸೂತಿಯಲ್ಲಿ ಗೋಪುರ, ತೇರು, ಕಮಲ ಕಾಣ್ತೀವಲ್ಲ, ಇದು ಆ ಥರದ್ದಲ್ಲ. ಇಲ್ಲಿ ಚೌಕ, ತ್ರಿಕೋನ, ಗೆರೆ, ಪಕ್ಕದಲ್ಲೇ ಇನ್ನೊಂದು ಬಣ್ಣದ ತುಂಡು. ಹೊಲಿಗೆಗಳು 14 ಬಗೆ ಅಂತ ಸಾಮಾನ್ಯವಾಗಿ ಲೆಕ್ಕ ಹಾಕ್ತಾರೆ. ಕಿಲಣ್, ವೇಲೆ, ಮಾಕಿ, ರೇಲೋ, ಭುರಿಯಾ, ಜೋಲ್ಯಾ, ನಾಕ್ರಾ... ಹೆಸರು ಕೇಳಿದರೇ ಒಂದು ಲಯ ಇದೆ ನೋಡಿ.

ಇವು ಮಾರೋಕೆ ಮಾಡಿದ ವಸ್ತುಗಳಾಗಿರಲಿಲ್ಲ. ಮಗಳ ಮದುವೆಗೆ ಬೇಕಾದ ಬಟ್ಟೆಯನ್ನ ಅಮ್ಮ ವರ್ಷಗಳ ಮುಂಚೆಯೇ ಹೊಲಿಯೋಕೆ ಕೂರ್ತಿದ್ದಳು. ಗಂಡಿನ ಕಡೆಯವರಿಗೆ ಕೊಡೋ ಸಂಚಿ ಅದರ ಜೊತೆಗೆ. ಮಗಳು ಪಕ್ಕದಲ್ಲಿ ಕೂತು ನೋಡ್ತಾ ನೋಡ್ತಾ ಕಲೀತಿದ್ದಳು. ಅದಕ್ಕೆ ಶಾಲೆ ಇರಲಿಲ್ಲ, ಪುಸ್ತಕ ಇರಲಿಲ್ಲ, ಅವರ ಮನೆಮಾತು ಗೋರ್ ಬೋಲಿಗೆ ಸ್ವಂತ ಲಿಪಿಯೂ ಇಲ್ಲ. ಇದ್ದದ್ದು ಒಂದು ಗಡುವು, ಮದುವೆ. ಮುಂದೆ ತಾನೇ ಉಡಬೇಕಾದ ಬಟ್ಟೆಯ ಮೇಲೆ ತನ್ನದೇ ಬಾಲ್ಯದ ಒಂದೆರಡು ಸೊಟ್ಟ ಹೊಲಿಗೆ ಉಳಿದಿರಬಹುದು. ಅಂಗಡಿಯಲ್ಲಿ ಇದು ಸಿಗೋಕೆ ಸಾಧ್ಯವೇ ಇಲ್ಲ.

ಲಂಬಾಣಿ ಮನೆಗಳಷ್ಟೇ ಅಲ್ಲ, ಇದನ್ನೇ ಹೋಲುವ ಇನ್ನೊಂದು ವಸ್ತು ಉತ್ತರ ಕರ್ನಾಟಕದ ಬಹುತೇಕ ಮನೆಗಳಲ್ಲಿ ಇರ್ತಿತ್ತು: ಕೌದಿ. ಲಂಬಾಣಿ ಹೊಲಿಗೆಗಳ ಪಟ್ಟಿಯಲ್ಲೂ ಕೌದಿ ಅನ್ನೋ ಹೆಸರು ಬರುತ್ತೆ. ಹಳೇ ಸೀರೆ, ಹರಿದ ಧೋತರ, ಅಂಗಿಯ ತುಂಡು ಪದರ ಪದರ ಜೋಡಿಸಿ ಉದ್ದಕ್ಕೂ ಸಣ್ಣ ಹೊಲಿಗೆ ಹಾಕ್ತಾ ಹೋಗೋದು. ಮನೆಗೆ ಕೂಸು ಬರುತ್ತೆ ಅಂದ್ರೆ ಅಜ್ಜಿ ಪುಟ್ಟ ಕೌದಿ ಹೊಲಿಯೋಳು. ಹೊಸ ಬಟ್ಟೆಯಿಂದ ಹೊಲಿಯೋಲ್ಲ, ಯಾಕಂದ್ರೆ ನೂರು ಸಲ ಒಗೆದ ಸೀರೆಯಷ್ಟು ಮೆತ್ತಗೆ ಹೊಸದು ಇರೋಲ್ಲ. ಇಲ್ಲಿ ಮಕ್ಕಳಿಗೆ ಒಂದು ಖಾಯಂ ಹುದ್ದೆ ಇತ್ತು. ಅಜ್ಜಿಗೆ ಕಣ್ಣು ಮಂಜು. ಸೂಜಿಗೆ ದಾರ ಪೋಣಿಸಿಕೊಡೋದು ಮೊಮ್ಮಗುವಿನ ಕೆಲಸ. ದಾರದ ತುದಿಯನ್ನ ಬಾಯಲ್ಲಿ ಒದ್ದೆ ಮಾಡಿ, ಒಂದು ಕಣ್ಣು ಮುಚ್ಚಿ ಪೋಣಿಸಿದ ನೆನಪು ನಿಮ್ಮ ಮನೆಯಲ್ಲಿ ಯಾರಿಗಾದರೂ ಇರುತ್ತೆ, ಕೇಳಿ ನೋಡಿ. ಪುಟ್ಟ ಮಗುವನ್ನ ಸುಮ್ಮನೆ ಕೂರಿಸೋಕೆ ಕೊಟ್ಟ ಕೆಲಸ ಅದಲ್ಲ. ಅದು ಪೋಣಿಸದಿದ್ರೆ ಹೊಲಿಗೆ ನಿಂತೇ ಹೋಗ್ತಿತ್ತು.

ಮಗು ಕೈಯಿಂದ ಮಾಡ್ತಾ ಕಲಿಯಬೇಕು ಅನ್ನೋ ಮಾತನ್ನ ದೊಡ್ಡವರು ಶಾಸ್ತ್ರ ಮಾಡಿ ಹೇಳಿದ್ದು ಆಮೇಲೆ. ಜರ್ಮನಿಯಲ್ಲಿ ಕಿಂಡರ್‌ಗಾರ್ಟನ್ ಶುರು ಮಾಡಿದ ಫ್ರೋಬೆಲ್ 19ನೇ ಶತಮಾನದಲ್ಲಿ ಮಕ್ಕಳಿಗೆ ತೂತು ಮಾಡಿದ ಕಾರ್ಡಿನ ಮೇಲೆ ದಾರ ಪೋಣಿಸೋ ಕೆಲಸ ಕೊಟ್ಟ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮ್ ಮುಂದಿಟ್ಟರು, ಕಸುಬಿನ ಮೂಲಕವೇ ಓದು ಅಂತ. ತಾಂಡಾದ ಅಮ್ಮಂದಿರು ಇದ್ಯಾವುದನ್ನೂ ಓದಿರಲಿಲ್ಲ.

ಈಗ ಕಥೆ ತಿರುಗೋದು 1980ರ ದಶಕದಲ್ಲಿ. ತಾಂಡಾದ ಹುಡುಗಿಯರು ಸೀರೆಗೆ, ಚೂಡಿದಾರಿಗೆ ಬದಲಾಗ್ತಿದ್ದರು. ತೂಕದ ಫೇಟಿಯಾ ಉಟ್ಕೊಂಡು ಪೇಟೆಗೆ ಬಂದರೆ ಜನ ದಿಟ್ಟಿಸಿ ನೋಡೋದು ಅವರಿಗೆ ಇಷ್ಟ ಇರಲಿಲ್ಲ, ನ್ಯಾಯವೇ. ಉಡೋದು ನಿಂತರೆ ಹೊಲಿಯೋದೂ ನಿಲ್ಲುತ್ತೆ. ಆ ಹೊತ್ತಿಗೆ ಸಂಡೂರಿನಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಶುರುವಾಯ್ತು. ತಾಂಡಾದ ಹೆಂಗಸರು ಅಲ್ಲಿಗೆ ಹೊಲಿದು ಕೊಡ್ತಾರೆ, ಕುಶನ್ ಕವರ್, ಬ್ಯಾಗು, ದುಪಟ್ಟಾ ಆಗಿ ಅದು ಪಟ್ಟಣಗಳಿಗೆ ಹೋಗುತ್ತೆ, ಕೂಲಿ ಕೈಗೆ ಬರುತ್ತೆ. ಹೊಲಿಗೆಗೆ ಮೊದಲ ಸಲ ಒಂದು ಬೆಲೆ ಬಂತು.

ಒಳ್ಳೇದಾಯ್ತಾ, ಕೆಟ್ಟದ್ದಾಯ್ತಾ? ನನ್ನ ಪ್ರಕಾರ ಒಳ್ಳೇದೇ. ಕಲೆ ಹಾಳಾಯ್ತು, ವ್ಯಾಪಾರ ಆಯ್ತು ಅಂತ ಕೊರಗೋರಿಗೆ ನಾನು ಹೇಳೋದು ಇಷ್ಟೇ, ಆ ಊರಲ್ಲಿ ಉಳಿದ ಕೆಲಸಗಳು ಯಾವುವು ಅಂತ ಒಮ್ಮೆ ನೋಡಿ. ಒಂದು, ಗುಳೆ ಹೋಗೋದು, ಕಬ್ಬು ಕಡಿಯೋಕೆ. ಅಪ್ಪ ಅಮ್ಮ ಗುಳೆ ಹೋದರೆ ಮಗುವಿನ ಶಾಲೆಯೂ ತಪ್ಪುತ್ತೆ. ಇನ್ನೊಂದು, ಗಣಿ. 2000ದ ನಂತರ ಚೀನಾಕ್ಕೆ ಅದಿರು ಹೋಗೋ ಭರಾಟೆಯಲ್ಲಿ ಸಂಡೂರು, ಹೊಸಪೇಟೆ ರಸ್ತೆಗಳು ಕೆಂಪು ಧೂಳಲ್ಲಿ ಮುಳುಗಿದ್ದು ನಿಮ್ಮ ಅಣ್ಣ ಅಕ್ಕಂದಿರಿಗೆ ನೆನಪಿರುತ್ತೆ. ಆಗ ಕುಟುಂಬಕ್ಕೆ ಕುಟುಂಬವೇ ಕೂತು ಸುತ್ತಿಗೆಯಿಂದ ಅದಿರು ಒಡೀತಿತ್ತು, ಅದರಲ್ಲಿ ಮಕ್ಕಳೂ ಇದ್ದರು. ಆಗಿನ ಪತ್ರಿಕೆಗಳಲ್ಲಿ, ಮಕ್ಕಳ ಹಕ್ಕುಗಳ ಸಂಘಟನೆಗಳ ವರದಿಗಳಲ್ಲಿ ಅದು ದಾಖಲಾಗಿದೆ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಅದೇ ವಾರ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಸುತ್ತಿಗೆ ಹಿಡಿದ ಕೈ, ಸೂಜಿ ಹಿಡಿದ ಕೈ, ಎರಡೂ ಒಂದೇ ತಾಲ್ಲೂಕಿನವು.

ಆದರೆ ಬೆಲೆ ಬಂದ ಕೂಡಲೇ ಒಂದು ಸೂಕ್ಷ್ಮ ಬದಲಾವಣೆ ಆಯ್ತು. ಅಮ್ಮ ಮದುವೆ ಬಟ್ಟೆ ಹೊಲಿಯೋವಾಗ ಮಗಳು ಒಂದು ಗೆರೆ ಸೊಟ್ಟ ಹಾಕಿದ್ರೆ ನಗು ಬರ್ತಿತ್ತು. ಅದೇ ಆರ್ಡರ್ ಮಾಲಿನ ಮೇಲೆ ಸೊಟ್ಟ ಹಾಕಿದ್ರೆ ಕೂಲಿ ಹೋಗುತ್ತೆ. ಅಲ್ಲದೆ ಮಾರೋ ವಸ್ತುವಿಗೆ ಮಗು ಕೈ ಹಾಕಿದರೆ ಅದಕ್ಕೆ ಬಾಲಕಾರ್ಮಿಕತೆ ಅನ್ನೋ ಹೆಸರು ಬರಬಹುದು. ಅನುಮಾನ ಸಕಾರಣವೇ, ಬೇರೆ ಕಡೆಯ ಜರಿ, ಬೀಡಿ, ಕಾರ್ಪೆಟ್ ಕೆಲಸಗಳಲ್ಲಿ ಮಕ್ಕಳ ಬೆರಳು ಸವೆದದ್ದು ನಮಗೆ ಗೊತ್ತು. 2010ರ ಏಪ್ರಿಲ್‌ನಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು, 6ರಿಂದ 14 ವರ್ಷದ ಮಗುವಿನ ಜಾಗ ಶಾಲೆ ಅಂತ. ಅದೇ 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ, ಅಂದ್ರೆ ಭೌಗೋಳಿಕ ಗುರುತು ಸಿಕ್ಕಿತು. ಕಾಕತಾಳೀಯವೇ ಇರಬಹುದು. ಹೊಲಿಗೆಗೆ ಕಾನೂನಿನಲ್ಲಿ ಹೆಸರು ಸಿಕ್ಕ ವರ್ಷವೇ ಅದನ್ನ ಪಕ್ಕದಲ್ಲಿ ಕೂತು ಕಲೀತಿದ್ದ ಮಗುವಿಗೆ ಶಾಲೆ ಹಕ್ಕಾಯ್ತು. ಎರಡೂ ಬೇಕಾಗಿದ್ದವೇ.

ಆಮೇಲೆ 2023ರ ಜುಲೈ. ಹಂಪಿಯಲ್ಲಿ ಜಿ20 ಸಂಸ್ಕೃತಿ ಕಾರ್ಯಗುಂಪಿನ ಸಭೆ. 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ಕಸೂತಿ ತುಂಡುಗಳನ್ನ ಒಟ್ಟಿಗೆ ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಆಯ್ತು. ಪಾಯಸ್ ಕಣ್ಣಿಗೆ ಕಾಣದ ಮನೆಯೊಳಗಿನ ಬಟ್ಟೆ ಕೊನೆಗೂ ಹಂಪಿಯಲ್ಲೇ ಲೆಕ್ಕಕ್ಕೆ ಬಂತು. 500 ವರ್ಷ ತಡವಾಗಿ, ಇರಲಿ.

ಹಾಗಾದ್ರೆ ಆ ಬೆಲೆ ಇಲ್ಲದ ಹೊಲಿಗೆ ಈಗ ಎಲ್ಲಿ ಉಳಿಯಬಹುದು? ರಜೆ ದಿನ ನಮ್ಮ ನಿಮ್ಮ ಮನೆಗಳಲ್ಲಿ. ನಿಮಗೆ ತಮ್ಮ ತಂಗಿ ಇರಬಹುದು, ಅಕ್ಕನ ಮಗು ಇರಬಹುದು, ಐದಾರು ವರ್ಷದ್ದು. ಜೊತೆಗೆ ಕೂತು ಅಜ್ಜಿಗೊಂದು ಎಲೆಅಡಿಕೆ ಸಂಚಿ ಮಾಡಿ ನೋಡಿ. ಅಜ್ಜಿ ಎಲೆ ಹಾಕೋಲ್ಲ ಅಂದ್ರೆ ಕನ್ನಡಕ ಇಡೋಕಾಗುತ್ತೆ. ಹಳೇ ಕಾಟನ್ ಬಟ್ಟೆಯ ಒಂದು ಉದ್ದ ತುಂಡು ಸಾಕು, ಅಂಗೈ ಅಗಲ, ಎರಡು ಗೇಣು ಉದ್ದ. ಬಣ್ಣದ ತುಂಡುಗಳನ್ನ ಆರಿಸೋದು ಮಗುವಿಗೇ ಬಿಡಿ. ಅದು ಕೇಸರಿ ಪಕ್ಕ ಗುಲಾಬಿ ಇಟ್ಟರೆ ತಡೀಬೇಡಿ, ಲಂಬಾಣಿ ಬಟ್ಟೆಯಲ್ಲಿ ಅದಕ್ಕಿಂತ ಧೈರ್ಯದ ಜೋಡಿಗಳಿವೆ. ಮೊಂಡು ತುದಿಯ ದಪ್ಪ ಸೂಜಿ ಕೊಡಿ, ದಾರ ಮೊಳದಷ್ಟೇ ಇರಲಿ, ಉದ್ದ ಆದ್ರೆ ಸಿಕ್ಕಾಗುತ್ತೆ, ಸಿಕ್ಕಾದ್ರೆ ಮಗು ಎದ್ದು ಓಡುತ್ತೆ. ಒಳಗೆ ಹೊರಗೆ, ಒಳಗೆ ಹೊರಗೆ, ಕೌದಿಯ ಹೊಲಿಗೆ ಅಷ್ಟೇ. ಮೊದಲೇ ಪೆನ್ಸಿಲ್‌ನಲ್ಲಿ ಚುಕ್ಕಿ ಹಾಕಿಕೊಟ್ಟರೆ ಸುಲಭ. ಕನ್ನಡಿ ಚೂರು, ಕವಡೆ ನೀವು ಹಚ್ಚಿ, ಮನೆಯಲ್ಲಿ ಇನ್ನೂ ಚಿಕ್ಕ ಕೂಸಿದ್ದರೆ ಅವು ಬೇಡವೇ ಬೇಡ, ಬಾಯಿಗೆ ಹೋಗುತ್ತೆ. ಬಟ್ಟೆ ಮಡಚಿ ಎರಡು ಬದಿ ಹೊಲಿದರೆ ಸಂಚಿ ಆಯ್ತು, ಬಾಯಿಗೆ ಒಂದು ಲಾಡಿ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಬೇಡಿ, ಉಳಿದದ್ದು ನಾಳೆ.

ಇನ್ನೊಂದು ಮಾತು. ಮಗು ಮಲಗಿದ ಮೇಲೆ ಅದು ಹಾಕಿದ ಸೊಟ್ಟ ಹೊಲಿಗೆ ಬಿಚ್ಚಿ ನೀವು ನೆಟ್ಟಗೆ ಹಾಕೋ ಆಸೆ ಬರುತ್ತೆ. ಹಾಗೆ ಮಾಡಬೇಡಿ. ಸಂಚಿ ಕೈಗೆ ಬಂದಾಗ ಅಜ್ಜಿ ಮೊದಲು ಹುಡುಕೋದು ಅದನ್ನೇ.

ಮುಂದಿನ ವಾರ ಕೊಪ್ಪಳದ ಕಿನ್ನಾಳಕ್ಕೆ ಹೋಗೋಣ, ಮರದ ಗೊಂಬೆ ಮಾಡೋ ಚಿತ್ರಗಾರರ ಓಣಿಗೆ. ಅಲ್ಲಿವರೆಗೆ, ನಿಮ್ಮ ಮನೆಯಲ್ಲಿ ಹಳೇ ಕೌದಿ ಇದ್ದರೆ ಅದರಲ್ಲಿ ಯಾರ್ಯಾರ ಸೀರೆ ತುಂಡು ಇದೆ ಅಂತ ಮನೆಯ ಹಿರಿಯರನ್ನ ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿಟ್ಕೊಳ್ಳಿ.