ಬಾಸ್ಟನ್ನಿನ ನಲವತ್ತೈದು ವಸಂತಗಳು

ಉತ್ತರ ಅಮೆರಿಕದ ಶೀತಪ್ರಾಂತಗಳಲ್ಲಿ ಹಾಕಿಯೆಂದರೆ, ಕಾಲಿಗೆ ಉಕ್ಕಿನ ಅಲಗುಗಳನ್ನು ತೊಟ್ಟ ಆರಾರು ಮಂದಿ ಹೆಪ್ಪುಗಟ್ಟಿದ ನೀರಿನ ಮೇಲೆ, ಪಕ್ ಎಂಬ ಕರಿಯ ರಬ್ಬರಿನ ಬಿಲ್ಲೆಯೊಂದಕ್ಕಾಗಿ, ಮೈಗೆ ಮೈ ಅಪ್ಪಳಿಸುತ್ತ ಹೋರಾಡುವ ಆಟ. ಮಾಂಟ್ರಿಯಲ್ ನಗರದ ವಿಕ್ಟೋರಿಯಾ ಸ್ಕೇಟಿಂಗ್ ಮಂದಿರದಲ್ಲಿ 1875ರ ಮಾರ್ಚ್ 3ರಂದು ಸೂರಿನ ಕೆಳಗೆ ನಿಯಮಬದ್ಧವಾಗಿ ನಡೆದ ಪಂದ್ಯದಿಂದ ಅದರ ಇತಿಹಾಸವನ್ನು ಎಣಿಸುವುದು ವಾಡಿಕೆ. ಗೆದ್ದವರ ಹೆಸರುಗಳು ಸ್ಟ್ಯಾನ್ಲಿ ಕಪ್ಪಿನ ಬೆಳ್ಳಿಯ ಮೇಲೆ ಕೆತ್ತಲ್ಪಟ್ಟು ಭದ್ರವಾಗಿವೆ. ಆದರೆ ಚಳಿಗಾಲವಿಡೀ ನಡೆದ ಲೀಗಿನ ಆಟಗಳು ಮುಗಿದು, ವಸಂತದಲ್ಲಿ ಆ ಕಪ್ಪಿಗಾಗಿ ನಡೆಯುವ ಪ್ಲೇಆಫಿನ ಸರಣಿ ಮೊದಲಾಗುವ ಮುನ್ನ, ಹಳೆಯ ವೈರಿಯೇ ಮತ್ತೆ ಎದುರಾದನೆಂದು ತಿಳಿದ ಅಭಿಮಾನಿಯ ಎದೆಯಲ್ಲಿ ಯಾವ ಆಸೆ ಮೂಡಿತು, ಅದಕ್ಕೆ ಆಧಾರವೇನಿತ್ತು ಎಂಬುದನ್ನು ಬೆಳ್ಳಿಯ ಮೇಲೆ ಯಾರೂ ಕೆತ್ತಿಲ್ಲ. ಅಂಥ ಆಸೆಗೂ ಒಂದು ಇತಿಹಾಸವುಂಟೆಂದು, ಅದು ಬಾಸ್ಟನ್ ನಗರದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣದೆಂದು ನಾನು ನಂಬಿದ್ದೇನೆ.

ಎದುರಾಳಿಗಳಿಬ್ಬರೂ ಸಾಮಾನ್ಯರಲ್ಲ. ಮಾಂಟ್ರಿಯಲಿನ ಕೆನೇಡಿಯನ್ಸ್ ತಂಡ 1909ರಲ್ಲಿ ಹುಟ್ಟಿ, ಫ್ರೆಂಚ್ ಭಾಷಿಕ ಜನತೆಯ ಅಭಿಮಾನದ ಧ್ವಜವಾಗಿ ಬೆಳೆದುದು. ಬಾಸ್ಟನ್ನಿನ ಬ್ರೂಯಿನ್ಸ್ 1924ರಲ್ಲಿ ನ್ಯಾಷನಲ್ ಹಾಕಿ ಲೀಗಿಗೆ ಸೇರಿದ, ಅಮೆರಿಕ ಸಂಯುಕ್ತ ಸಂಸ್ಥಾನದ ಮೊತ್ತಮೊದಲ ತಂಡ. 1928ರ ನವೆಂಬರಿನಲ್ಲಿ ಬಾಸ್ಟನ್ ಗಾರ್ಡನ್ ಎಂಬ ಕ್ರೀಡಾಮಂದಿರ ತೆರೆದಾಗ ಅಲ್ಲಿ ನಡೆದ ಮೊದಲ ಲೀಗ್ ಪಂದ್ಯಕ್ಕೆ ಬಂದ ಅತಿಥಿಗಳು ಕೆನೇಡಿಯನ್ಸ್. ಒಂದೇ ಒಂದು ಗೋಲಿನಿಂದ ಗೆದ್ದವರೂ ಅವರೇ. ಅದೇ ಋತುವಿನ ಕೊನೆಯಲ್ಲಿ, 1929ರಲ್ಲಿ, ಎರಡು ತಂಡಗಳು ಪ್ಲೇಆಫಿನಲ್ಲಿ ಮೊದಲ ಬಾರಿಗೆ ಎದುರಾದಾಗ ಬಾಸ್ಟನ್ ಗೆದ್ದು, ಮುಂದೆ ಕಪ್ಪನ್ನೂ ತನ್ನದಾಗಿಸಿಕೊಂಡಿತು. ಮರುವರ್ಷ ಅದು 44 ಆಟಗಳಲ್ಲಿ 38ನ್ನು ಗೆದ್ದು, ಋತುವಿಡೀ ಒಮ್ಮೆಯೂ ಸತತವಾಗಿ ಎರಡು ಆಟಗಳನ್ನು ಸೋಲದೆ ಅಂತಿಮ ಸರಣಿಗೆ ಬಂದಿತು. ಅಭಿಮಾನಿಗೆ ಅದಕ್ಕಿಂತ ದೊಡ್ಡ ಭರವಸೆ ಬೇಕೆ? ಮೂರಾಟಗಳ ಆ ಸರಣಿಯಲ್ಲಿ ಮಾಂಟ್ರಿಯಲ್ ಮೊದಲೆರಡು ಆಟಗಳನ್ನೂ ಗೆದ್ದು ಕಪ್ಪನ್ನು ಕೊಂಡೊಯ್ದಿತು.

1943ರ ಪ್ಲೇಆಫಿನಲ್ಲಿ ಬಾಸ್ಟನ್ ಮಾಂಟ್ರಿಯಲಿನ ಎದುರು ಮತ್ತೊಮ್ಮೆ ಗೆದ್ದಿತು. ಅದರ ಬಳಿಕ ನಡೆದುದು ಕ್ರೀಡೆಯ ಚರಿತ್ರೆಯಲ್ಲಿಯೇ ಅಪರೂಪವಾದ ಸಂಗತಿ: 1946ರಿಂದ 1987ರವರೆಗೆ ಈ ಎರಡು ತಂಡಗಳು ಪ್ಲೇಆಫಿನಲ್ಲಿ 18 ಬಾರಿ ಎದುರಾದವು, ಹದಿನೆಂಟರಲ್ಲಿಯೂ ಮಾಂಟ್ರಿಯಲ್ ಗೆದ್ದಿತು. ತಂದೆಯ ಕೈಹಿಡಿದು ಗಾರ್ಡನ್ನಿಗೆ ಬಂದ ಬಾಲಕ ತಾನೇ ತಂದೆಯಾಗಿ ಮಗನನ್ನು ಕರೆತಂದರೂ, ತಾನು ಕಾಣದ ಗೆಲುವನ್ನು ಮಗನಿಗೆ ತೋರಿಸಲಾರದೆ ಹೋದನು.

ಇಷ್ಟಾದರೂ ಆಸೆ ಪ್ರತಿವಸಂತದಲ್ಲಿಯೂ ಚಿಗುರಿತು. ಅದಕ್ಕೆ ಪ್ರತಿಸಲವೂ ಒಂದು ನ್ಯಾಯವಾದ ಕಾರಣವಿತ್ತು ಎಂಬುದನ್ನು ನಾವು ಮರೆಯಬಾರದು. 1955ರ ಮಾರ್ಚ್ 13ರಂದು ಬಾಸ್ಟನ್ನಿನಲ್ಲಿ ನಡೆದ ಜಗಳದಲ್ಲಿ ಮಾಂಟ್ರಿಯಲಿನ ಆರಾಧ್ಯವೀರ ಮಾರಿಸ್ ರಿಶಾರ್ ಲೈನ್ಸ್‌ಮನ್ನನನ್ನು ಹೊಡೆದುದಕ್ಕಾಗಿ ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಅವನನ್ನು ಪ್ಲೇಆಫ್ ಸೇರಿದಂತೆ ಉಳಿದ ಆಟಗಳಿಂದೆಲ್ಲ ಹೊರಗಿಟ್ಟರು. 17ರ ರಾತ್ರಿ ಮಾಂಟ್ರಿಯಲಿನ ಬೀದಿಗಳಲ್ಲಿ ದಂಗೆಯೆದ್ದಿತು. ಅನಂತರ ಕೆಲವೇ ದಿನಗಳಲ್ಲಿ ರಿಶಾರ್ ಇಲ್ಲದ ಮಾಂಟ್ರಿಯಲನ್ನು ಬಾಸ್ಟನ್ ಎದುರಿಸಿತು. ಐದೇ ಆಟಗಳಲ್ಲಿ ಸೋತಿತು. 1971ರಲ್ಲಿ ಬಾಬಿ ಆರ್, ಫಿಲ್ ಎಸ್ಪೊಸಿಟೊ ಇದ್ದ ಬಾಸ್ಟನ್, ಲೀಗಿನಲ್ಲಿ 57 ಆಟಗಳನ್ನು ಗೆದ್ದ ಹಾಲಿ ಚಾಂಪಿಯನ್ನು. ಎದುರಿಗೆ ನಿಂತ ಗೋಲ್‌ಕೀಪರ್ ಕೆನ್ ಡ್ರೈಡನ್ ಅದುವರೆಗೆ ಲೀಗಿನಲ್ಲಿ ಆಡಿದ್ದುದು ಆರೇ ಆಟ. ಎರಡನೆಯ ಪಂದ್ಯದಲ್ಲಿ ಬಾಸ್ಟನ್ 5-1ರಿಂದ ಮುಂದಿದ್ದು 7-5ರಿಂದ ಸೋತು, ಏಳನೆಯ ಆಟದಲ್ಲಿ ಸರಣಿಯನ್ನೂ ಕಳೆದುಕೊಂಡಿತು.

ಇದನ್ನು ಶಾಪವೆಂದವರುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಮಾಂಟ್ರಿಯಲಿನ ಬಲಕ್ಕೆ ಮಾನುಷವಾದ ಕಾರಣಗಳಿದ್ದವು. 1946ರಿಂದ ಆ ತಂಡವನ್ನು ನಡೆಸಿದ ಫ್ರ್ಯಾಂಕ್ ಸೆಲ್ಕಿ ಎಳೆಯ ಆಟಗಾರರನ್ನು ಹುಡುಕಿ ಬೆಳೆಸುವ ವಿಸ್ತಾರವಾದ ವ್ಯವಸ್ಥೆಯನ್ನು ಕಟ್ಟಿದರು; ಅವರ ಉತ್ತರಾಧಿಕಾರಿ ಸ್ಯಾಮ್ ಪೊಲಕ್, ಮತ್ತೊಂದು ತಂಡಕ್ಕೆ ಸಲ್ಲಬೇಕಾಗಿದ್ದ ಆಯ್ಕೆಯ ಹಕ್ಕನ್ನು ಮುಂದಾಲೋಚನೆಯಿಂದ ಪಡೆದುಕೊಂಡು 1971ರಲ್ಲಿ ಗೀ ಲಾಫ್ಲರನನ್ನು ತಂದರು. ಅಂಗಣದ ಅಳತೆಯೂ ಗಮನಾರ್ಹ. ಬಾಸ್ಟನ್ ಗಾರ್ಡನ್ನಿನ ಹಿಮ 191 ಅಡಿ ಉದ್ದ, 83 ಅಡಿ ಅಗಲ. ಮಾಂಟ್ರಿಯಲ್ ಫೋರಂನದು 200 ಅಡಿ ಉದ್ದ, 85 ಅಡಿ ಅಗಲ. ಇಕ್ಕಟ್ಟಾದ ಅಂಗಣದಲ್ಲಿ ಎದುರಾಳಿಯನ್ನು ಗೋಡೆಗೊತ್ತಿ ಆಡಲು ಹೇಳಿಮಾಡಿಸಿದ ತಂಡ, ವಿಶಾಲವಾದ ಫೋರಂಗೆ ಹೋದಾಗ ಮಾಂಟ್ರಿಯಲಿನ ವೇಗಕ್ಕೆ ಸಿಕ್ಕಿಬೀಳುತ್ತಿದ್ದುದು ಸಹಜವೇ.

1952ರ ಏಪ್ರಿಲ್ 8ರ ಒಂದು ಛಾಯಾಚಿತ್ರವನ್ನು ಓದುಗರು ಅವಶ್ಯವಾಗಿ ನೋಡಬೇಕು. ಅಂದಿನ ಏಳನೆಯ ಪಂದ್ಯದಲ್ಲಿ ಬಾಸ್ಟನ್ನಿನ ಲಿಯೊ ಲಬೀನನ ಡಿಕ್ಕಿಗೆ ಸಿಕ್ಕಿ ರಿಶಾರ್ ಪ್ರಜ್ಞೆತಪ್ಪಿ ಬಿದ್ದಿದ್ದನು. ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡು ಮರಳಿದವನು, ಕೊನೆಯ ನಿಮಿಷಗಳಲ್ಲಿ ಬಾಸ್ಟನ್ನಿನ ರಕ್ಷಣೆಯನ್ನು ಭೇದಿಸಿ ಗೆಲುವಿನ ಗೋಲನ್ನು ಹೊಡೆದನು. ಸರಣಿ ಮುಗಿದ ಮೇಲೆ ಎರಡು ತಂಡದವರೂ ಸಾಲಾಗಿ ನಿಂತು ಕೈಕುಲುಕುವುದು ಈ ಆಟದ ಸತ್ಸಂಪ್ರದಾಯ. ಚಿತ್ರದಲ್ಲಿ ರಿಶಾರನ ಹುಬ್ಬಿನ ಮೇಲೆ ಪಟ್ಟಿ, ಅದರಡಿಯಿಂದ ಇಳಿದ ರಕ್ತ. ಎದುರಿಗೆ ಕಣ್ಣು ಕಪ್ಪಿಟ್ಟ ಬಾಸ್ಟನ್ನಿನ ಗೋಲ್‌ಕೀಪರ್ ಜಿಮ್ ಹೆನ್ರಿ, ಅವನ ಕೈಹಿಡಿದು ತುಸು ಬಾಗಿ ನಿಂತಿದ್ದಾನೆ. ಸೋತವನ ಆ ಬಾಗುವಿಕೆಯಲ್ಲಿ ದೈನ್ಯವಿಲ್ಲ. ಈ ವೈರದಲ್ಲಿ ದ್ವೇಷಕ್ಕಿಂತ ಮಿಗಿಲಾದ ಗೌರವವೊಂದಿತ್ತೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ 1979ರದು. ಹಿಂದಿನ ಎರಡು ವರ್ಷವೂ ಅಂತಿಮ ಸರಣಿಯಲ್ಲಿ ಮಾಂಟ್ರಿಯಲಿಗೆ ಸೋತಿದ್ದ ಬಾಸ್ಟನ್, ಡಾನ್ ಚೆರ್ರಿಯ ತರಬೇತಿಯಲ್ಲಿ, ಮೇ 10ರಂದು ಫೋರಂನಲ್ಲಿ ಏಳನೆಯ ಆಟಕ್ಕೆ ನಿಂತಿತು. ನಾಲ್ಕು ನಿಮಿಷ ಉಳಿದಿರುವಾಗ ರಿಕ್ ಮಿಡಲ್ಟನ್ ಹೊಡೆದ ಗೋಲಿನಿಂದ ಬಾಸ್ಟನ್ 4-3ರಿಂದ ಮುಂದೆ. ಮೂವತ್ತಾರು ವರ್ಷಗಳ ಆಸೆ ಕೈಗೆ ಎಟುಕುವಷ್ಟು ದೂರದಲ್ಲಿತ್ತು. ಆಗ, ಆಟಗಾರರ ಅದಲುಬದಲಿನ ಗೊಂದಲದಲ್ಲಿ, ಹಿಮದ ಮೇಲೆ ನಿಯಮ ಮೀರಿ ಹೆಚ್ಚು ಮಂದಿ ಬಾಸ್ಟನ್ನಿನವರಿದ್ದರೆಂದು ತೀರ್ಪುಗಾರನು ದಂಡ ವಿಧಿಸಿದನು. ಆ ದಂಡದ ಅವಧಿಯಲ್ಲಿ, ಇನ್ನು 74 ಸೆಕೆಂಡು ಉಳಿದಿರಲು, ಲಾಫ್ಲರ್ ಬಲಬದಿಯಿಂದ ಹೊಡೆದ ಪಕ್ ಗೋಲಿನ ದೂರದ ಮೂಲೆಯನ್ನು ಹೊಕ್ಕಿತು. ಹೆಚ್ಚುವರಿ ಅವಧಿಯಲ್ಲಿ ಇವಾನ್ ಲಾಂಬೆರ್ ಗೆಲುವಿನ ಗೋಲನ್ನು ಹೊಡೆದನು. ಚೆರ್ರಿ ಮತ್ತೆ ಬಾಸ್ಟನ್ನಿಗೆ ತರಬೇತಿ ನೀಡಲಿಲ್ಲ.

1988ರ ವಸಂತದಲ್ಲಿ ಸರಣಿಯ ಮೊದಲ ಆಟವನ್ನು ಮಾಂಟ್ರಿಯಲ್ ಗೆದ್ದಾಗ, ಬಾಸ್ಟನ್ನಿನ ವೃದ್ಧ ಅಭಿಮಾನಿಗಳಿಗೆ ಮುಂದಿನದೆಲ್ಲ ಬಾಯಿಪಾಠವಾದಂತೆ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಬಾಸ್ಟನ್ ಮುಂದಿನ ನಾಲ್ಕು ಆಟಗಳನ್ನೂ ಸಾಲಾಗಿ ಗೆದ್ದಿತು. ಕೊನೆಯದನ್ನು ಗೆದ್ದುದು ಅದೇ ಫೋರಂನ ಹಿಮದ ಮೇಲೆ. ಅಂದು ತರಬೇತುದಾರನಾಗಿ ನಿಂತಿದ್ದವನು 1979ರಲ್ಲಿ ಆಟಗಾರನಾಗಿ ಆ ಸೋಲನ್ನುಂಡಿದ್ದ ಟೆರ್ರಿ ಓ'ರೈಲಿ. ರಕ್ಷಣೆಯ ಆಧಾರಸ್ತಂಭವಾದ ರೇ ಬೋರ್ಕ್ ಮಾಂಟ್ರಿಯಲಿನಲ್ಲಿಯೇ ಹುಟ್ಟಿದವನು. ಆ ವರ್ಷದ ಕಪ್ಪು ಬಾಸ್ಟನ್ನಿಗೆ ದೊರೆಯಲಿಲ್ಲ, ಎಡ್ಮಂಟನ್ನಿನ ಪಾಲಾಯಿತು. ಹಾಗಿದ್ದರೂ 1988ನ್ನು ಆ ನಗರದ ಮಹಾವರ್ಷಗಳಲ್ಲಿ ಒಂದೆಂದು ಎಣಿಸುವುದೇ ನ್ಯಾಯವೆಂದು ನನ್ನ ಮತ. 1929ರಿಂದ 2014ರವರೆಗೆ ಈ ಎರಡು ತಂಡಗಳು ಪ್ಲೇಆಫಿನಲ್ಲಿ 34 ಬಾರಿ ಎದುರಾದವು. ಮಾಂಟ್ರಿಯಲ್ 25 ಸರಣಿಗಳನ್ನು, ಬಾಸ್ಟನ್ 9ನ್ನು ಗೆದ್ದವು. ಆ ಒಂಬತ್ತರಲ್ಲಿ ಏಳು, 1988ರಿಂದ ಈಚಿನವು.